ರಾಯಚೂರಿನಿಂದ ತಂದ ಶೋ ಗಿಡ

ಮೊನ್ನೆ ಯರಗೇರಾದಲ್ಲಿ ಒಂದು ಕೆಲಸ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಸ್ತೆ ಪಕ್ಕದಲ್ಲಿ ಹೊಸದಾಗಿ ಒಂದು ನರ್ಸರಿ ಆಗಿದೆ. ಕರಿ ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲುಸಾಲು ಗಿಡ, ಆಗಷ್ಟೇ ನೀರು ಹೊಡೆದಿದ್ದರು. ಹಸಿ ಎರೆಮಣ್ಣು, ಗೊಬ್ಬರ, ತುಕ್ಕು ಹಿಡಿದ ತಗಡು ಮೂರೂ ಕಲೆತ ಒಂದು ವಾಸನೆ ಮೂಗಿಗೆ ಬಂತು ನೋಡಿ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಲವತ್ತು ವರ್ಷ ದಾಟಿದರೂ ಆ ಹೆದರಿಕೆ ಎಲ್ಲೂ ಹೋಗಿಲ್ಲ. ಅಲ್ಲಿ ಒಂದೊಂದು ಗಿಡಕ್ಕೂ ಹೆಸರು ಬರೆದ ಚೀಟಿ ಕಟ್ಟಿದ್ದರು. ಅಂಥದೊಂದು ಚೀಟಿ ಆವತ್ತು ಇದ್ದಿದ್ದರೆ ನಾನು ನಮ್ಮವ್ವನಿಗೆ ಆ ಮಾತು ಆಡುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಮಾತು. ಅದರ ಹಿಂದಿನ ವರ್ಷ ನನಗೆ ಮಾನ್ವಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯ ನೌಕರಿ ಸಿಕ್ಕಿತ್ತು. ನಮ್ಮದು ದೇವದುರ್ಗದ ಕಡೆಯ ಒಣಬೇಸಾಯದ ಹಳ್ಳಿ. ಬೇಸಾಯ ನಮ್ಮದಲ್ಲ, ಮಂದಿಯದು. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡ. ಅವ್ವ ಹುಲಿಗೆಮ್ಮ ಮಂದಿಯ ಹೊಲದಲ್ಲಿ ಕಳೆ ತೆಗೆದು ನನ್ನನ್ನೂ ನಮ್ಮಕ್ಕ ದುರುಗಮ್ಮನನ್ನೂ ಸಾಕಿದಳು. ನಮ್ಮ ಓಣಿಯಲ್ಲಿ ಸರಕಾರಿ ನೌಕರಿ ಹಿಡಿದ ಮೊದಲ ಹೆಣ್ಣು ನಾನು. ಆ ಜಂಬ ನನ್ನ ನಡಿಗೆಯಲ್ಲೇ ಕಾಣುತ್ತಿತ್ತಂತೆ, ಅಕ್ಕ ಹಾಗೆ ಹೇಳಿ ನಗುತ್ತಿದ್ದಳು.

ಅಕ್ಕಿ ಗಿರಣಿಯ ಹಿಂದೆ ಒಂದು ಖೋಲಿ ಬಾಡಿಗೆಗೆ ಹಿಡಿದು ಅವ್ವನನ್ನು ಕರೆತಂದೆ. ಬಂದ ವಾರದಲ್ಲೇ ಅವಳು ಅಕ್ಕಪಕ್ಕದ ಹೆಂಗಸರ ಜೊತೆ ನೆಲ್ಲಿನ ಗದ್ದೆಗೆ ಕಳೆ ತೆಗೆಯಲು ಹೊರಟಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇನ್ನ ಕೂಲಿಗಿ ಹೋಗಬ್ಯಾಡಬೇ. ನನ್ನ ಸಾಲಿ ಮಕ್ಕಳ ಅವ್ವಗೋಳ ಜೋಡಿ ನೀ ಕಳಿ ತಗಿಯೋದು ಚೆಂದ ಕಾಣಂಗಿಲ್ಲ."

"ಚೆಂದಕ್ಕ ಯಾರು ಕಳಿ ತಗಿತಾರ?" ಎಂದಳು. ಆದರೂ ಹೋಗಲಿಲ್ಲ. ಅವತ್ತಿನಿಂದ ಖೋಲಿಯ ಬಾಗಿಲಲ್ಲಿ ಕುಳಿತು ಗಿರಣಿಯ ತೌಡಿನ ಧೂಳನ್ನು ನೋಡುವುದೇ ಅವಳ ಕೆಲಸವಾಯಿತು. ಅವಳನ್ನು ಸುಖವಾಗಿ ಇಟ್ಟಿದ್ದೇನೆಂದು ನಾನು ತಿಳಿದಿದ್ದೆ.

ನಮ್ಮ ಹೆಡ್‌ಮಾಸ್ತರರ ಮನೆಯ ಕಟ್ಟೆಯ ಮೇಲೆ ಬಣ್ಣಬಣ್ಣದ ಎಲೆಯ ಕುಂಡಗಳಿದ್ದವು. ನೌಕರಿಯವರ ಮನೆ ಎಂದರೆ ಹೀಗಿರಬೇಕು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸಂಕ್ರಾಂತಿಯ ಹೊತ್ತಿಗೆ ಏನೋ ಕಾಗದಪತ್ರಕ್ಕೆಂದು ರಾಯಚೂರಿಗೆ ಹೋದವಳು ಸ್ಟೇಷನ್ ರಸ್ತೆಯ ಗಿಡದ ಅಂಗಡಿಯಲ್ಲಿ ನಿಂತೆ. ತುಕ್ಕು ಹಿಡಿದ ಎಣ್ಣೆ ಡಬ್ಬಿಯಲ್ಲಿ ಒಂದು ಗಿಡ. ದಪ್ಪ, ನುಣುಪು, ಮಿಂಚುವ ಎಲೆ. ನಡುವಿನಿಂದ ಎದ್ದ ಸಣ್ಣ ಕಡ್ಡಿಗಳ ತುದಿಗೆ ನಸುಗೆಂಪು ಹೂವು, ಸಾಸಿವೆಗಿಂತ ತುಸು ದೊಡ್ಡ ಕೆಂಪು ಮಣಿಗಳು. ಹೆಸರು ಕೇಳಲೇ ಇಲ್ಲ. ಚೆಂದ ಇದೆ, ತಂದೆ.

ಅವ್ವ ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ ನೋಡಿದಳು. "ರೊಕ್ಕ ಕೊಟ್ಟು ತಂದೇನ? ಬಾಳ ಚಲೋ ಆತು. ನಾ ಗಿಡ ಕಿತ್ತು ರೊಕ್ಕ ತರತಿದ್ದೆ, ನೀ ರೊಕ್ಕ ಕೊಟ್ಟು ಗಿಡ ತಂದಿ!"

ಆ ಗಿಡ ಮಾತ್ರ ಸೊಕ್ಕಿ ಬೆಳೆಯಿತು. ಹೂವು ಮಧ್ಯಾಹ್ನ ಇಳಿದ ಮೇಲೆ ಅರಳುತ್ತಿತ್ತು. ನಾನು ಶಾಲೆಯಿಂದ ಬರುವುದಕ್ಕೂ ಅದು ಅರಳುವುದಕ್ಕೂ ಸರಿಹೋಗುತ್ತಿತ್ತು. ಮಣಿಗಳು ಸಿಡಿದು ಬೀಜ ಬಿತ್ತು. ಮೃಗಶಿರಾ ಮಳೆ ಆದದ್ದೇ ತಡ, ಬಚ್ಚಲ ನೀರು ಹೋಗುವ ದಾರಿಯುದ್ದಕ್ಕೂ ಸಣ್ಣ ಸಸಿಗಳೆದ್ದವು. ಶ್ರಾವಣ ಬರುವಷ್ಟರಲ್ಲಿ ಅಲ್ಲೊಂದು ಮಡಿಯೇ ಆಗಿಹೋಗಿತ್ತು.

ಶ್ರಾವಣದಲ್ಲೇ ದುರುಗಮ್ಮ ಬಂದಳು. ಏಳು ತಿಂಗಳ ಬಸುರಿ. ಇದಕ್ಕೆ ಮೊದಲು ಎರಡು ಸಲ ಹೊತ್ತು, ಎರಡು ಸಲವೂ ದಿನ ತುಂಬುವ ಮೊದಲೇ ಕಳೆದುಕೊಂಡಿದ್ದಳು. ಎರಡನೆಯ ಸಲ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ದೇವದುರ್ಗಕ್ಕೆ ಒಯ್ಯುವಾಗ ಹಳ್ಳ ತುಂಬಿ ಬಂದು ಗಾಡಿ ನಿಂತುಬಿಟ್ಟಿತ್ತು. ಆ ಕಾರಣಕ್ಕೇ ನಾನು ಭಾವನ ಮುಂದೆ ಎದೆ ತಟ್ಟಿ ಹೇಳಿದ್ದೆ: "ಈ ಸಲ ನನಗ ಬಿಡ್ರಿ. ಮಾನ್ವ್ಯಾಗ ಮನಿ ಹತ್ತರನ ದವಾಖಾನಿ ಅದ. ಕೂಸಿನ ಸಮೇತ ಕಳಸತೀನಿ." ಆತ ಒಳ್ಳೆಯ ಮನುಷ್ಯ, ಮರುಮಾತಾಡದೆ ಬಿಟ್ಟುಹೋದ. ಅಲ್ಲಿಂದ ನನಗೆ ನೆಮ್ಮದಿ ಎಂಬುದೇ ಇಲ್ಲ. ಅಕ್ಕ ಕೆಮ್ಮಿದರೂ ಎದ್ದು ಕೂರುತ್ತಿದ್ದೆ.

ಅಕ್ಕನಿಗೆ ಆ ದಿನಗಳಲ್ಲಿ ಒಂದೇ ಬಯಕೆ. ಹೊಲದ ಗೋಳಿ ಪಲ್ಯ ಬೇಕು, ಬೇಳೆ ಹಾಕಿ ಮಾಡಿದ್ದು, ಜೋಳದ ರೊಟ್ಟಿ ಜೊತೆ. ನೆಲಕ್ಕೆ ಹರಡಿಕೊಂಡು ಬೆಳೆಯುವ, ದಪ್ಪ ಎಲೆಯ, ತುಸು ಹುಳಿಯ ಆ ಕಳೆಯನ್ನು ಅವ್ವ ಕೂಲಿಯಿಂದ ಬರುವಾಗ ಉಡಿಯಲ್ಲಿ ತರುತ್ತಿದ್ದಳು, ನಾವು ಅದನ್ನುಂಡೇ ಬೆಳೆದವರು. ಮಾನ್ವಿಯ ಸಂತೆಯಲ್ಲಿ ಎರಡು ವಾರ ಹುಡುಕಿದೆ, ಸಿಗಲಿಲ್ಲ. ಅವ್ವ ಹೊಲದ ಕಡೆ ಹೋಗುವುದನ್ನು ನಾನೇ ಬಿಡಿಸಿದ್ದೆನಲ್ಲ.

ಅವತ್ತು ಸೋಮವಾರ. ಮಳೆ ಹನಿಯುತ್ತಿತ್ತು. ಶಾಲೆಯಿಂದ ಬಂದು ಚಪ್ಪಲಿಯ ಕೆಸರು ಕೆರೆಯುವಾಗ ನೋಡುತ್ತೇನೆ, ಡಬ್ಬಿಯ ಗಿಡ ಬೋಳು. ಎಲೆ ಒಂದೂ ಇಲ್ಲ, ಬರೀ ಕಡ್ಡಿ. ಬಚ್ಚಲ ದಾರಿಯ ಸಸಿಗಳೂ ಅರ್ಧ ಖಾಲಿ. ಯಾರದೋ ಆಡು ನುಗ್ಗಿರಬೇಕೆಂದು ಒಳಗೆ ಹೋದರೆ, ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಾಳೆ. ಮುಂದಿನ ತಾಟು ನೆಕ್ಕಿದಷ್ಟು ಖಾಲಿ.

"ಬಾಳ ದಿನದ ಮ್ಯಾಲೆ ಹೊಟ್ಟಿ ತುಂಬ ಉಂಡೆ ನೋಡ ಸರೋಜಿ. ಗೋಳಿ ಪಲ್ಯ ಅಲ್ಲ ಅಂದಳು ಅವ್ವ, ಖರೆ ಅದರಂಗನ ಇತ್ತು."

ನಾನು ಅವ್ವನತ್ತ ತಿರುಗಿದೆ. "ಏನ ಹಾಕಿದೆಬೇ ಆಕಿಗಿ?"

"ನಿನ್ನ ಡಬ್ಬಿ ಗಿಡ," ಎಂದಳು ಅವ್ವ, ಒಲೆಯ ಬೂದಿ ಎಳೆಯುತ್ತ. "ಬ್ಯಾಳ್ಯಾಗ ಕುದಸಿದೆ. ಗೋಳಿ ಪಲ್ಯದ ಮಂದಿನ ಅದು. ಮಾರಿ ನೋಡಿದರ ತಿಳಿತದ."

"ಶೋ ಗಿಡಬೇ ಅದು! ಅಂಗಡ್ಯಾಗಿಂದು! ಅದರ ಹೆಸರ ಗೊತ್ತದೇನ ನಿನಗ? ವಿಷ ಇದ್ದರ? ಎರಡು ಕಳಕೊಂಡಾಳ, ಮೂರನೇದ್ದೂ ಕಳೀತೀಯೇನ?"

ಅವ್ವ ಗಾಬರಿಯಾಗಲಿಲ್ಲ. ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು: "ಕಡ್ಡಿ ಮುರದು ನೋಡೀನಿ, ಹಾಲು ಬರಲಿಲ್ಲ. ತಿಕ್ಕಿ ಮೂಸಿ ನೋಡೀನಿ, ಘಾಟಿಲ್ಲ. ತುಟಿಗಿ ಹಚಕೊಂಡು ಹೊತ್ತ ಮುಣಗೂತನ ಕುಂತೀನಿ, ಉರೀಲಿಲ್ಲ. ಮನ್ನಿ ನಾಕ ಎಲಿ ನಾನ ತಿಂದು ನೋಡೀನಿ. ನಮ್ಮತ್ತಿ ಬರಗಾಲದಾಗ ಹಂಗ ಮಾಡತಿದ್ದಳು. ಹೊಸಾ ತಪ್ಪಲ ಪಲ್ಯ ಬಂದರ ಮನ್ಯಾಗಿನ ಮುದುಕಿ ಮೊದಲ ತಿನ್ನಬೇಕು. ಮರುದಿನ ಆಕಿ ಎದ್ದು ಕುಂತರ ಮಕ್ಕಳಿಗಿ ಹಾಕಬೇಕು. ನಾ ಎದ್ದು ಕುಂತೀನಲ್ಲ."

ಇಷ್ಟು ಕೇಳಿದ ಮೇಲಾದರೂ ಸುಮ್ಮನಿರಬೇಕಿತ್ತು. ನಾನು ಸುಮ್ಮನಿರುವ ಪೈಕಿ ಅಲ್ಲ. "ಕಳಿ ಕೀಳಾಕಿಗೆ ಏನ ತಿಳಿತದ? ಒಂದಕ್ಷರ ಬರಂಗಿಲ್ಲ ನಿನಗ!" ಎಂದು ಒದರಿದೆ. ಗಿರಣಿಯ ಹಮಾಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಒದರಿದೆ. ನನ್ನ ಅಕ್ಷರಗಳೆಲ್ಲ ಅವಳು ಕಿತ್ತ ಕಳೆಯಿಂದ ಬಂದವು ಎಂಬುದು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. ಅವ್ವ ಬೂದಿ ಎಳೆಯುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಎದ್ದು ಹೊರಗೆ ಹೋದಳು.

ನಾನು ಮಾಡಿದ ಮುಂದಿನ ಕೆಲಸ ಕೇಳಿದರೆ ನಗು ಬರುತ್ತದೆ. ಉಳಿದ ಸಸಿಯಲ್ಲಿ ಒಂದು ಹಿಡಿ ಕಿತ್ತು ಪಕ್ಕದ ಮನೆಯ ಆಡಿನ ಮುಂದೆ ಹಿಡಿದೆ. ಅದು ಮೂಸಿಯೂ ನೋಡದೆ ತಿಂದು, ಇನ್ನೂ ಬೇಕೆಂದು ನನ್ನ ಸೀರೆ ಜಗ್ಗಿತು. ಒಂದು ನಿಮಿಷ ಜೀವ ಬಂತು. ಆಮೇಲೆ ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನೆನಪಾಯಿತು. ಎಕ್ಕೆ ಎಲೆಯನ್ನೂ ತಿಂದು ಬದುಕುವ ಪ್ರಾಣಿಯ ಸಾಕ್ಷಿ ತೆಗೆದುಕೊಂಡು ಏನು ಮಾಡುವುದು?

ಮರಳಿ ಬಂದರೆ ಅಕ್ಕ ಬಾಗಿಲಲ್ಲಿ ಬಗ್ಗಿ ಕುಳಿತು ಕಾರುತ್ತಿದ್ದಳು. ಉಂಡದ್ದೆಲ್ಲ ಹೊರಗೆ. ಬೆವರು, ನಡುಕ. ಒಂದು ಕೈಯಿಂದ ಕಿಬ್ಬೊಟ್ಟೆ ಒತ್ತಿ ಹಿಡಿದು, "ಸರೋಜಿ, ಮತ್ತ ಹಂಗ ಆಗಾಕತ್ತದ," ಎಂದಳು. ಅವಳ ಕಣ್ಣಲ್ಲಿದ್ದ ಹೆದರಿಕೆ ನಾನು ಎಂದೂ ಮರೆಯುವಂಥದ್ದಲ್ಲ.

ಸರಕಾರಿ ದವಾಖಾನೆಯಲ್ಲಿ ದೀಪ ಹಚ್ಚುವ ಹೊತ್ತು. ಡಾಕ್ಟರು ಬೇರೆ ಕಡೆಯಿಂದ ಬಂದ ಹುಡುಗವಯಸ್ಸಿನವರು, ನಿದ್ದೆಗೆಟ್ಟ ಮುಖ. ಅಕ್ಕನನ್ನು ನೋಡಿ ಒಂದು ಇಂಜೆಕ್ಷನ್ ಕೊಟ್ಟು, ಮಲಗಿಸಲು ಹೇಳಿ ನನ್ನತ್ತ ತಿರುಗಿದರು.

"ಏನು ತಿಂದಿದ್ದು?"

ಹೇಳಿದೆ.

"ಗಿಡದ ಹೆಸರೇನು?"

"ಗೊತ್ತಿಲ್ಲರಿ."

"ಟೀಚರ್ ಅಂತೀರಿ, ನೀವೇ ತಂದ ಗಿಡ ಅಂತೀರಿ, ಹೆಸರು ಗೊತ್ತಿಲ್ಲ ಅಂತೀರಿ. ಕೆಲವು ಗಿಡ ಗರ್ಭಕ್ಕೇ ತೊಂದರೆ ಮಾಡುತ್ತವೆ. ಯಾವುದು ಅಂತ ಗೊತ್ತಾಗದೆ ನಾನು ಯಾವ ಔಷಧ ಕೊಡಲಿ? ನಾಳೆ ಅದರ ಹೆಸರು ತಿಳಿದುಕೊಂಡು ಬನ್ನಿ. ಅಲ್ಲಿಯವರೆಗೆ ಬರೀ ಕಾಯುವುದು."

ನಮ್ಮ ಹಿಂದೆಯೇ ಬಂದು ಬಾಗಿಲ ಬಳಿ ನಿಂತಿದ್ದ ಅವ್ವ ಕೈ ಮುಗಿದು, "ನಾ ಮೊದಲ ತಿಂದು ನೋಡೀನ್ರಿ ಯಪ್ಪಾ, ಏನೂ ಆಗಿಲ್ಲ," ಎಂದಳು.

"ಎಷ್ಟು ತಿಂದಿರಿ?"

"ನಾಕ ಎಲಿ."

"ನಾಲ್ಕೆಲೆಯಿಂದ ಏನು ಗೊತ್ತಾಗುತ್ತೆ ಅಮ್ಮ? ಇವರು ತಾಟು ತುಂಬ ತಿಂದಿದ್ದಾರೆ. ಎಷ್ಟು ತಿಂದರು ಅನ್ನುವುದರ ಮೇಲೆ ಇರುತ್ತದೆ," ಎಂದು ಡಾಕ್ಟರು ಬೇರೆ ರೋಗಿಯ ಕಡೆ ಹೋದರು. ಅವ್ವ ಆ ಮಾತನ್ನು ಬಾಯಲ್ಲೇ ಎರಡು ಸಲ ಅಂದುಕೊಂಡದ್ದು ನನಗೆ ಕೇಳಿಸಿತು.

ಬೆಳಗಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೊರಟೆ. ಅಕ್ಕನಿಗೆ ಇನ್ನೂ ಬಿಟ್ಟುಬಿಟ್ಟು ನೋವು ಬರುತ್ತಿತ್ತು. ಹೂವು, ಮಣಿ, ಬೇರು ಎಲ್ಲ ಸಮೇತ ಒಂದು ಸಸಿ ಕಿತ್ತು, ಹಸಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬಸ್ಸು ಊರೂರಿಗೆ ನಿಲ್ಲುತ್ತಿತ್ತು. ಕಂಡಕ್ಟರ ಯಾರ ಜೊತೆಗೋ ನಗುತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಭಾವನಿಗೆ ಏನು ಹೇಳಲಿ? ಹಳ್ಳಿಯಲ್ಲಿ ಹಳ್ಳ ಬಂದು ಕೂಸು ಸತ್ತಿತು ಅನ್ನಬಹುದು. ಮಾನ್ವಿಯಲ್ಲಿ ನಿನ್ನ ನಾದಿನಿಯ ಶೋಕಿಯಿಂದ ಸತ್ತಿತು ಅನ್ನಲೇ?

ಗಿಡದ ಅಂಗಡಿಯ ಸಾಬರು ಆಗಷ್ಟೇ ಬಾಗಿಲು ತೆರೆದು ನೀರು ಚಿಮುಕಿಸುತ್ತಿದ್ದರು. ಸಸಿ ನೋಡಿದ ಕೂಡಲೇ ಗುರುತು ಹಿಡಿದರು.

"ಹಾಂ, ನಮ್ಮದೇ ಮಾಲು. ಶೋ ಗಿಡ."

"ಹೆಸರೇನ್ರಿ ಇದರದು?"

"ಶೋ ಗಿಡಾನೇ ಬೇಟಿ. ಹೈದರಾಬಾದಿಂದ ಲಾರ್‍ಯಾಗ ಬರತಾವ. ಎಲ್ಲಾ ಶೋ ಗಿಡ."

"ತಿಂದರ ಏನಾರ ಆಗತದೇನ್ರಿ?"

ಅವರು ಕೊಡ ಕೆಳಗಿಟ್ಟರು. "ತಿನ್ನೋದಾ? ತೌಬಾ! ನೋಡಾಕ ಮಾರತೀವಿ ನಾವು. ಹುಳಕ್ಕಂತ ಎಣ್ಣಿ ಬ್ಯಾರೆ ಹೊಡಿತೀವಿ." ಯಾರು ತಿಂದರೆಂದು ತಿಳಿದಾಗ ಪಾಪ, ಅವರ ಮುಖವೂ ಬೆಳ್ಳಗಾಯಿತು. "ಎಣ್ಣಿ ಹೊಡದು ಆರೇಳು ತಿಂಗಳಾತು, ಮಳಿ ಬ್ಯಾರೆ ಬಿದ್ದದ. ಅದೆಲ್ಲಾ ಹೋಗಿರತದ ಬೇಟಿ. ಆದರ ಗಿಡದ್ದು ನಾ ಹೇಳಂಗಿಲ್ಲ. ಕಾಲೇಜಿನ್ಯಾಗ ಗಿಡದ ಪಾಠ ಮಾಡೋ ಮಾಸ್ತರ ಇರತಾರಲ್ಲ, ಅವರ ಹತ್ರ ಓಡು." ನನಗೆ ಒಂದು ರಿಕ್ಷಾ ಕೂಗಿ ಕೂಡಿಸಿದ್ದೂ ಅವರೇ.

ಕಾಲೇಜಿನ ಸಸ್ಯಶಾಸ್ತ್ರದ ಲೆಕ್ಚರರು ತರಗತಿಯಲ್ಲಿದ್ದರು. ಗಂಟೆ ಹೊಡೆಯುವ ತನಕ ಬಾಗಿಲ ಹೊರಗೆ ನಿಂತೆ. ಆ ಮುಕ್ಕಾಲು ತಾಸು ನನ್ನ ಆಯುಷ್ಯದಲ್ಲೇ ಉದ್ದ. ಮಾನ್ವಿಯಲ್ಲಿ ಏನಾಗಿದೆಯೋ ತಿಳಿಯುವಂತಿಲ್ಲ. ದವಾಖಾನೆಗೆ ಫೋನು ಇತ್ತೋ ಇಲ್ಲವೋ, ನಂಬರಂತೂ ನನಗೆ ಗೊತ್ತಿರಲಿಲ್ಲ. ಬಟ್ಟೆಯೊಳಗೆ ಸಸಿ ಬಾಡಿದರೆ ಗುರುತು ಸಿಗದೆಂದು ಕಾಲೇಜಿನ ನಲ್ಲಿಗೆ ಎರಡು ಸಲ ಹೋಗಿ ತೋಯಿಸಿಕೊಂಡು ಬಂದೆ.

ಅವರು ಹೊರಬಂದು ಸಸಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಹೂವನ್ನು ಉಗುರಲ್ಲಿ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರು. ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದರು. ಅವರು ತಿರುವಿದ ಹಾಳೆಗಳನ್ನೆಲ್ಲ ನಾನು ಎಣಿಸುತ್ತಿದ್ದೆ.

"ಟ್ಯಾಲಿನಮ್," ಎಂದರು ಕಡೆಗೆ. "ನಮ್ಮ ನಾಡಿಂದಲ್ಲ, ಹೊರಗಿಂದ ಬಂದ ಗಿಡ. ವಿಷ ಇಲ್ಲ. ಕೆಲವು ಕಡೆ ಪಲ್ಯಕ್ಕೆ ಬೆಳೆಸ್ತಾರೆ. ಬೇಯಿಸಿದ್ದರಲ್ಲ? ಹೆದರಬ್ಯಾಡ್ರಿ. ನಿಮ್ಮ ಕಡೆ ಹೊಲದಾಗ ಗೋಳಿ ಪಲ್ಯ ಅಂತ ಇರತದಲ್ಲ, ಇದೂ ಅದರ ಕುಟುಂಬದ್ದೇ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತೆ. "ನಮ್ಮವ್ವನೂ ಹಂಗ ಅಂದಳ್ರಿ ಸರ್."

"ಹೌದಾ? ಎಲಿ ನೋಡಿ ಹೇಳಿದರಾ? ನನ್ನ ಡಿಗ್ರಿ ಹುಡುಗರಿಗೆ ಹೂವು ಬಿಡಿಸಿ ತೋರಿಸಿದರೂ ತಿಳಿಯಂಗಿಲ್ಲ. ಏನು ಮಾಡತಾರ ನಿಮ್ಮ ತಾಯಿ?"

ಕಳೆ ತೆಗೆಯುತ್ತಾಳೆ ಎನ್ನಲು ಬಾಯಿ ತೆರೆದೆ. ಆ ಮೇಜು, ಆ ಪುಸ್ತಕ, ಅವರ ಬಿಳಿ ಅಂಗಿ ನೋಡಿ, "ಮನ್ಯಾಗಿರತಾಳ್ರಿ," ಎಂದೆ. ಸುಳ್ಳೇನಲ್ಲ, ಮನೆಯಲ್ಲಿ ಕೂಡಿಸಿದವಳು ನಾನೇ. ಆದರೂ ಆ ಉತ್ತರಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರು ಗಿಡದ ಹೆಸರನ್ನೂ, ತಿನ್ನಲು ಅಡ್ಡಿಯಿಲ್ಲವೆಂಬುದನ್ನೂ ಡಾಕ್ಟರಿಗೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಮಾನ್ವಿಯಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಓಡುತ್ತಲೇ ದವಾಖಾನೆಯ ಗೇಟು ಹೊಕ್ಕೆ. ವೆರಾಂಡದಲ್ಲಿ ಅವ್ವ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದಳು. ಪಕ್ಕದಲ್ಲಿ ನಮ್ಮ ಮನೆಯ ದೊಡ್ಡ ಬೋಗಾಣಿ, ಖಾಲಿ. ಅವಳ ತುಟಿಯೆಲ್ಲ ಹಸಿರು. ನನಗೆ ಮೊದಲು ಏನೂ ತಿಳಿಯಲಿಲ್ಲ. ಒಳಗಿನಿಂದ ನರ್ಸಮ್ಮ ಬಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ಎಲ್ಲಿಗಿ ಹೋಗಿದ್ರಿ ಟೀಚರ? ನಿಮ್ಮ ತಾಯೀನ ಯಾರರ ಹಿಡಕೋಬೇಕಿಲ್ಲ? ನೀವು ಹೋದ ಮ್ಯಾಲೆ ಮನಿಗಿ ಹೋಗಿ ಬೋಗಾಣಿ ತುಂಬ ತಪ್ಪಲ ಕಿತಕೊಂಡು ಬಂದಳು. ಇಲ್ಲೇ ಕುಂತು ಹಸೀದನ್ನ ಎಲ್ಲಾ ತಿಂದಳು. ತಾಸಿಗೊಮ್ಮೆ ನನ್ನ ಕರದು ನಾಲಿಗಿ ತೋರಸ್ತಾಳ, ಕಣ್ಣ ತೋರಸ್ತಾಳ. ನನಗ ಏನಾಗತದ ನೋಡಕೋರಿ, ಅದರ ಮ್ಯಾಲೆ ಮಗಳಿಗಿ ಔಷಧ ಕೊಡ್ರಿ ಅಂತಾಳ!"

"ಅಕ್ಕ?" ಎಂದೆ.

"ಆಕಿ ಆರಾಮ ಅದಾಳ. ಹನ್ನೊಂದಕ್ಕೇ ನೋವು ನಿಂತದ. ಕೂಸು ಒದಿಯಾಕತ್ತದ. ಡಾಕ್ಟರು ನೋಡಿ, ವಿಷದ್ದೇನೂ ಕಾಣಂಗಿಲ್ಲ, ಹೆದರಿಕಿಗೇ ಹಂಗಾಗಿರಬೇಕು ಅಂದರು. ಅಷ್ಟ್ಯಾಕ ಹೆದರಿಸಿದಿರಿ ಬಸುರಿ ಹೆಣಮಗಳನ್ನ?"

ಹೆದರಿಸಿದವರು ಯಾರೆಂದು ನಾನು ಹೇಳಲಿಲ್ಲ. ಅವ್ವನೂ ಹೇಳಲಿಲ್ಲ.

ದೀಪಾವಳಿಗೆ ಮುಂಚೆ ಅದೇ ದವಾಖಾನೆಯಲ್ಲಿ ದುರುಗಮ್ಮ ಹೆಣ್ಣು ಹೆತ್ತಳು. ಭಾವ ಬಂದು ಕೂಸಿನ ಸಮೇತ ಕರೆದುಕೊಂಡು ಹೋದ. ಆ ಕೂಸಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು ಹತ್ತಿರ ಬಂದಿದೆ. ಆದರೆ ಆ ವರ್ಷ ನೆನಪಾದಾಗ ನನ್ನ ಕಣ್ಣಿಗೆ ಬರುವುದು ಹೆರಿಗೆಯಲ್ಲ, ಆ ವೆರಾಂಡ.

ಅವತ್ತು ನಾನು ಅವ್ವನ ಎದುರಿಗೆ ಫರಸಿ ನೆಲದ ಮೇಲೆ ಕುಳಿತೆ. ಚೀಟಿ ಕೈಯಲ್ಲೇ ಇತ್ತು.

"ಹೆಸರ ಸಿಕ್ಕಿತೇನ?" ಎಂದು ಕೇಳಿದಳು.

"ಸಿಕ್ಕಿತಬೇ."

"ತಿನ್ನಬಹುದಂತೇನ?"

"ತಿನ್ನಬಹುದಂತ. ಗೋಳಿ ಪಲ್ಯದ ಮಂದಿನಂತ."

ಅವ್ವ ಗೆದ್ದವರ ಹಾಗೆ ನಗಲಿಲ್ಲ. ದೊಡ್ಡ ಉಸಿರು ಬಿಟ್ಟು ಕಣ್ಣು ಮುಚ್ಚಿಕೊಂಡಳು. ಆಗ ನನಗೆ ಗೊತ್ತಾಯಿತು, ನಿನ್ನೆ ನಾನು ಒದರಿದ ಮೇಲೆ ಅವಳಿಗೂ ತನ್ನ ಮೇಲಿನ ನಂಬಿಕೆ ಹೋಗಿತ್ತು. ಬೋಗಾಣಿ ತುಂಬ ಎಲೆ ತಿಂದು ಕುಳಿತಾಗ ಅವಳು ನಿಜವಾಗಿ ವಿಷಕ್ಕೇ ಕಾಯುತ್ತಿದ್ದಳು.

"ನಿನಗೇನಾರ ಆಗಿದ್ದರಬೇ ಯವ್ವಾ?"

"ಆಗಿದ್ದರ ಏನಾತು? ಡಾಕ್ಟರಗ ತಿಳೀತಿತ್ತಲ್ಲ, ಎಷ್ಟ ತಿಂದರ ಏನಾಗತದಂತ."

ನಾನು ಅವಳ ಮಡಿಲಿಗೆ ತಲೆ ಹಾಕಿ ಅಳತೊಡಗಿದೆ. ನೌಕರಿ ಬಂದ ಮೇಲೆ ನಾನು ಹಾಗೆ ಅತ್ತಿರಲಿಲ್ಲ. ಅವ್ವ ಹಸಿರು ಹತ್ತಿದ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಸುಮ್ಮನಿರು ಸರೋಜಿ. ಒಳಗ ಆಕಿಗಿ ಕೇಳಿಸಿದರ ಮತ್ತ ಹೆದರತಾಳ."